ಬ್ರೇಕಿಗೆ ನೇತುಹಾಕುತ್ತಿದ್ದ ಚೀಲ

ಪ್ರೇಮಲತಾ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಮುಖ ಕಿವುಚಿದಳು.

“ಎಂತ ಮೇಡಂ ಅದು, ಪೆಟ್ರೋಲಾ?” ಸಬ್ ಇನ್ಸ್‌ಪೆಕ್ಟರ್ ನಾಗೇಶ ದೂರದಲ್ಲೇ ನಿಂತು ಕೇಳಿದ. ಹೊಸದಾಗಿ ಇಸ್ತ್ರಿ ಹಾಕಿದ ಪ್ಯಾಂಟು, ಬಗ್ಗಲು ಮನಸ್ಸಿರಲಿಲ್ಲ.

“ಬ್ರೇಕ್ ಆಯಿಲ್. ಹಳಸಿದ ಮೀನಿನ ವಾಸನೆ. ಬಂದು ನೋಡಿ.”

“ಅಲ್ಲಿಂದ್ಲೇ ಹೇಳಿ, ಕೇಳ್ತದೆ.”

ಠಾಣೆಯ ಹಿತ್ತಲಿಗೆ ಬರುವುದೆಂದರೆ ಅವನಿಗೂ ಹೇಸಿಗೆಯೇ. ಹಿಡಿದು ತಂದ ಬೈಕುಗಳ ಮೇಲೆ ಬಳ್ಳಿ ಹಬ್ಬಿತ್ತು. ಯಾರ್ಯಾರೋ ಮೂತ್ರ ಹೊಯ್ದು ಹೊಯ್ದು ಮೂಲೆಯ ಸುಣ್ಣ ಹಳದಿಯಾಗಿತ್ತು. ತಿಂದೆಸೆದ ಕೋಳಿಮೂಳೆಗೆ ಇರುವೆ ಮುತ್ತಿತ್ತು. ಇಂಥ ಹಿತ್ತಲುಗಳಲ್ಲೇ ಪ್ರೇಮಲತಾಳ ಅರ್ಧ ಆಯುಷ್ಯ ಕಳೆದಿತ್ತು. ಆರ್‌ಟಿಒ ಕಚೇರಿಯಲ್ಲಿ ಅವಳು ಮೋಟಾರು ವಾಹನ ನಿರೀಕ್ಷಕಿ, ಊರವರ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್. ಅಪಘಾತದಲ್ಲಿ ಜೀವ ಹೋದರೆ, ತಪ್ಪು ಗಾಡಿಯದೋ ಮನುಷ್ಯನದೋ ಎಂದು ನೋಡಿ ಹೇಳಬೇಕಾದವಳು ಅವಳೇ.

ಅವಳ ಮುಂದೆ ಬಿದ್ದಿದ್ದದ್ದು ಒಂದು ಹಳೇ ಬುಲೆಟ್. ಸಂಪಿಗೆಕಾನು ಎಸ್ಟೇಟಿನ ಮೇಸ್ತ್ರಿ ಭೂತಯ್ಯ ಮೊನ್ನೆ ಮಲ್ಲಂದೂರು ರಸ್ತೆಯ ಇಳಿಜಾರಿನ ತಿರುವಿನಲ್ಲಿ ಚರಂಡಿಗೆ ಬಿದ್ದು ಸತ್ತದ್ದು ಇದರ ಜೊತೆಗೇ. ಈ ಬೈಕಿನ ಹಳೆಯ ಡ್ರಮ್ ಬ್ರೇಕ್ ಬಿಚ್ಚಿ ಮುಂದಿನ ಚಕ್ರಕ್ಕೆ ಹೊಸ ಡಿಸ್ಕ್ ಬ್ರೇಕ್ ಕೂರಿಸಿಕೊಟ್ಟವನು ವಸ್ತಾರೆಯ ಮೆಕ್ಯಾನಿಕ್ ಧರ್ಮೇಶ್. ಬ್ರೇಕ್ ಫೇಲಾಗಿ ಮೇಸ್ತ್ರಿ ಸತ್ತ ಎಂದು ಅವನನ್ನು ನಿನ್ನೆ ಸಂಜೆ ಹಿಡಿದು ತಂದು ಲಾಕಪ್ಪಿಗೆ ಹಾಕಿದ್ದರು. ಇವತ್ತು ಕೋರ್ಟಿಗೆ ಒಪ್ಪಿಸಬೇಕು. ಪ್ರೇಮಲತಾ ‘ಬ್ರೇಕ್ ವೈಫಲ್ಯ’ ಎಂದು ಬರೆದು ಸಹಿ ಹಾಕಿದರೆ ಧರ್ಮೇಶ್ ಜೈಲಿಗೆ.

“ನೋಡಿ ಮೇಡಂ, ಇದ್ರಲ್ಲಿ ನೋಡೋದೆಂತ ಇದೆ?” ನಾಗೇಶ ಹೇಳಿದ. “ನಿಪ್ಪಲ್ ಲೂಸು, ಡಬ್ಬೀಲಿ ಆಯಿಲ್ ಇಲ್ಲ, ಲಿವರ್ ಒತ್ತಿದ್ರೆ ಪುಸ್ ಅಂತದೆ. ಕಣ್ಣಿದ್ದವರಿಗೆಲ್ಲ ಕಾಣ್ತದೆ. ಬರ್ದುಬಿಡಿ.”

ಅವನು ಹೇಳಿದ್ದೇನೂ ಸುಳ್ಳಲ್ಲ. ಡಿಸ್ಕಿನ ಎರಡೂ ಬದಿ ಪ್ಯಾಡುಗಳನ್ನು ಅಮುಕುವ ಕ್ಯಾಲಿಪರಿನ ನೆತ್ತಿಯಲ್ಲಿ ಒಂದು ಸಣ್ಣ ನಿಪ್ಪಲ್ ಇರುತ್ತದೆ. ಬ್ರೇಕಿನೊಳಗೆ ಸೇರಿದ ಗಾಳಿ ತೆಗೆಯುವುದು ಅದರಿಂದಲೇ. ಅದು ಸಡಿಲವಾಗಿತ್ತು, ಆಯಿಲ್ ಪೂರ್ತಿ ಹರಿದುಹೋಗಿತ್ತು. ನಿಪ್ಪಲಿನ ಮೇಲೆ ಧೂಳು ಕೂರದ ಹಾಗೆ ಹಾಕುವ ಪುಟ್ಟ ರಬ್ಬರ್ ಟೊಪ್ಪಿ ಮಾತ್ರ ಅಚ್ಚುಕಟ್ಟಾಗಿ ತಲೆಯ ಮೇಲೇ ಕೂತಿತ್ತು. ಪ್ರೇಮಲತಾ ಅದನ್ನು ಕಿತ್ತು ಪ್ಲಾಸ್ಟಿಕ್ ಕವರಿಗೆ ಹಾಕಿ ಜೇಬಿಗೆ ಸೇರಿಸಿದಳು.

“ನಾಗೇಶ್, ಈ ಬೈಕನ್ನ ಯಾರಾದ್ರೂ ಎತ್ತಿ ನಿಲ್ಸಿದ್ರಾ?”

“ಯಾರು ನಿಲ್ಸ್ತಾರೆ ಮಾರಾಯ್ರೇ? ಚರಂಡೀಲಿ ಹೆಂಗೆ ಮಲಗಿತ್ತೋ ಹಂಗೇ ಪಿಕಪ್ಪಿಗೆ ಎತ್ತಾಕಿ ತಂದು, ಹಂಗೇ ಇಲ್ಲಿ ಮಲಗ್ಸಿದ್ದಾರೆ.”

“ಒಳ್ಳೇದಾಯ್ತು.” ಪೊಲೀಸರ ಸೋಮಾರಿತನಕ್ಕೆ ಅವಳು ಕೈಮುಗಿದದ್ದು ಅದೇ ಮೊದಲು. “ಈಗ ಪ್ಯಾಂಟಿನ ಆಸೆ ಬಿಟ್ಟು ಇಲ್ಲಿ ಬನ್ನಿ. ಈ ಪೇಂಟ್ ನೋಡಿ.”

ಬೈಕು ಎಸ್ಟೇಟಿನ ಸಾಹುಕಾರರ ಮಗನದು, ಅದಕ್ಕೆಲ್ಲ ಕಪ್ಪು ಪೇಂಟ್ ಹೊಡೆಸಿದ್ದ. ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟು ಚರ್ಮ ಸುಲಿದ ಹಾಗೆ ಎದ್ದುಬರುತ್ತದೆ. ಕ್ಯಾಲಿಪರಿನಿಂದ ಮುಂದಿನ ಫೋರ್ಕಿನ ಉದ್ದಕ್ಕೂ, ಚಕ್ರದ ರಿಮ್ಮಿನ ತನಕ, ಒಂದು ಗೆರೆಯಷ್ಟು ಪೇಂಟು ಸುಕ್ಕುಗಟ್ಟಿ ಎದ್ದಿತ್ತು.

“ಎಣ್ಣೆ ಯಾವ ಕಡೆ ಹರೀತದೆ ನಾಗೇಶ್?”

“ಕೆಳಗೆ.”

“ಬೈಕ್ ಚರಂಡೀಲಿ ಅಡ್ಡ ಮಲಗಿತ್ತು. ಅಲ್ಲೇ ಸೋರಿದ್ರೆ ಅಡ್ಡಕ್ಕೆ ಸೋರ್ಬೇಕಿತ್ತು. ಇದು ಮೇಲಿಂದ ಕೆಳಗೆ ನೆಟ್ಟಗೆ ಇಳಿದಿದೆ. ಯಾರೋ ಬೈಕನ್ನ ಸ್ಟ್ಯಾಂಡ್ ಹಾಕಿ ನಿಲ್ಸಿ, ನಿಪ್ಪಲ್ ಬಿಚ್ಚಿ, ಲಿವರ್ ಒತ್ತಿ ಒತ್ತಿ ಆಯಿಲ್ ಖಾಲಿ ಮಾಡಿದ್ದಾರೆ.”

“ಓಡ್ಸೋಕೂ ಮೊದ್ಲೇ ಮಾಡಿರ್ಬಹುದಲ್ಲ? ಶೆಡ್ಡಲ್ಲಿ ನಿಂತಿದ್ದಾಗ?”

ಪ್ರಶ್ನೆ ತಲೆಯಿದ್ದವನು ಕೇಳುವಂಥದ್ದೇ. ಪ್ರೇಮಲತಾ ಅವನ ಕೈ ಹಿಡಿದೆಳೆದು ಮುಂದಿನ ಟೈರಿನ ಮೇಲೆ ಇಟ್ಟಳು. ಅಲ್ಲಿ ಅಂಗೈ ಅಗಲದ ಜಾಗ ಚಪ್ಪಟೆಯಾಗಿ ಉಜ್ಜಿಹೋಗಿತ್ತು. ಅಂಚಿನಲ್ಲಿ ರಬ್ಬರಿನ ಪುಡಿ ಇನ್ನೂ ಅಂಟಿಕೊಂಡಿತ್ತು.

“ಚಕ್ರ ತಿರುಗದೆ ನಿಂತು, ರಸ್ತೆ ಮೇಲೆ ಎಳ್ಕೊಂಡು ಹೋದಾಗ ಹಿಂಗೆ ಆಗ್ತದೆ. ಆಮೇಲೆ ಬೈಕ್ ಒಂದು ಮಾರು ಓಡಿದ್ರೂ ಈ ಪುಡಿ ಉದುರಿ ಹೋಗ್ತಿತ್ತು. ಅಂದ್ರೆ ಇದು ಕೊನೇ ಗಳಿಗೇದು. ಮುಂದಿನ ಬ್ರೇಕ್ ಫೇಲ್ ಆಗಿರ್ಲಿಲ್ಲ. ಚಕ್ರವನ್ನೇ ಕಟ್ಟಿಹಾಕುವಷ್ಟು ಚೆನ್ನಾಗಿ ಹಿಡೀತು. ಆಯಿಲ್ ತೆಗ್ದದ್ದು ಮನುಷ್ಯ ಬಿದ್ದ ಮೇಲೆ. ಬೈಕ್ ಎತ್ತಿ ನಿಲ್ಸಿ ತೆಗ್ದು, ವಾಪಸ್ ಚರಂಡೀಲಿ ಮಲಗ್ಸಿದ್ದಾರೆ.”

ನಾಗೇಶ ಕೈ ಹಿಂದಕ್ಕೆಳೆದುಕೊಂಡು ಕರ್ಚೀಫಿನಲ್ಲಿ ಒರೆಸಿಕೊಂಡ. “ಬಿದ್ದ ಮೇಲೆ ಅಂದ್ರೆ, ಅಲ್ಲಿ ಮೇಸ್ತ್ರಿ ಬಿದ್ಕೊಂಡಿದ್ದ, ಪಕ್ಕದಲ್ಲಿ ಕೂತು ಒಬ್ಬ ಸ್ಪ್ಯಾನರ್ ತಿರುಗಿಸ್ತಿದ್ದ ಅಂತೀರಾ?”

“ಹೌದು.”

“ಥೂ,” ಎಂದ ನಾಗೇಶ. ಮೊದಲ ಬಾರಿಗೆ ಅವನ ಮೇಲೆ ಅವಳಿಗೆ ಸ್ವಲ್ಪ ಗೌರವ ಬಂತು.

ಲಾಕಪ್ಪಿನಲ್ಲಿ ಧರ್ಮೇಶ್ ಗೋಡೆಗೆ ಮುಖ ಮಾಡಿ ಕೂತಿದ್ದ. ಕೆಲಸದ ಅಂಗಿಯಲ್ಲೇ ಎಳೆದು ತಂದಿದ್ದರು.

“ಧರ್ಮೇಶ್, ನಿನ್ನ ತಪ್ಪಿಲ್ಲ ಅಂತ ನಂಗೆ ಗೊತ್ತಾಗಿದೆ,” ಎಂದಳು ಪ್ರೇಮಲತಾ. “ಬ್ರೇಕ್ ಕೆಲಸ ಮಾಡಿದೆ. ಯಾರಿಗೆ ಹೆದರ್ತಿದ್ದೀಯ ಹೇಳು.”

“ತಪ್ಪು ನಂದೇ ಮೇಡಂ. ನಿಪ್ಪಲ್ ಟೈಟ್ ಮಾಡೋದು ಮರ್ತೆ.”

“ಡಿಸ್ಕ್ ಹಾಕಿದ್ದು ದೀಪಾವಳಿ ಕಳೆದು. ನಿಪ್ಪಲ್ ಲೂಸಿದ್ರೆ ಎರಡನೇ ದಿನಕ್ಕೇ ಲಿವರ್ ಹಿಡಿಗೆ ಬಂದು ಬಡೀತಿತ್ತು. ಸಂಕ್ರಾಂತಿ ತನಕ ಹೆಂಗೆ ಓಡ್ತು?”

“ಮರ್ತೆ ಮೇಡಂ. ಬರ್ಕೊಳಿ.”

ತಿರುಗಿಯೂ ನೋಡಲಿಲ್ಲ. ಸತ್ತವನು ಬೇರೆ ಯಾರೋ ಅಲ್ಲ, ಅವನ ಸ್ವಂತ ಸೋದರಮಾವ. ತಾಯಿ ತೀರಿಕೊಂಡ ಮೇಲೆ ಅನ್ನ ಹಾಕಿ ಬೆಳೆಸಿದವನು. ಎಸ್ಟೇಟಿನ ದೊಡ್ಡ ಮನೆಯವರು ಈ ಬಡಪಾಯಿಯನ್ನು ಅದೆಷ್ಟು ಹೆದರಿಸಿರಬೇಕು ಎಂದು ಪ್ರೇಮಲತಾ ಮರುಗಿದಳು.

ಹೊರಗೆ ಜಗಲಿಯ ಮೇಲೆ ಭೂತಯ್ಯನ ಹೆಂಡತಿ ಭಾಗಮ್ಮ ಟಿಫಿನ್ ಕ್ಯಾರಿಯರ್ ಹಿಡಿದು ಕೂತಿದ್ದಳು. ಕಾನ್‌ಸ್ಟೇಬಲ್ ಊಟ ಒಳಗೆ ಬಿಟ್ಟಿರಲಿಲ್ಲ. ಮಡಿಲಲ್ಲಿ ಒಂದು ಹಳೆಯ ಎಲೆಅಡಿಕೆ ಚೀಲ.

“ಅಮ್ಮಾ, ನನ್ನ ಗಂಡ ಹೋದ್ರು, ಅದು ವಾಪಸ್ ಬರದಿಲ್ಲ. ಈ ಹುಡುಗನ್ನಾದ್ರೂ ಬಿಡ್ಸಿ ಕೊಡಿ,” ಎಂದು ಅವಳು ಎದ್ದು ನಿಂತಳು. “ನಂಗೆ ಅಂತ ಉಳ್ದಿರದು ಅವ್ನೊಬ್ನೇ.”

“ಕೂತ್ಕೊಳಿ ಭಾಗಮ್ಮ. ಒಂದು ವಿಷಯ ಕೇಳ್ತೀನಿ. ನಿಮ್ಮ ಯಜಮಾನ್ರು ಬೈಕ್ ಓಡಿಸೋವಾಗ ಮುಂದಿನ ಬ್ರೇಕ್ ಹಿಡೀತಿದ್ರಾ?”

“ಮುಂದಿನ ಬ್ರೇಕ್ ಅಂದ್ರೆ?”

ಪ್ರೇಮಲತಾ ಬಲಗೈ ಚಾಚಿ ಬೆರಳು ಮಡಚಿ ತೋರಿಸಿದಳು.

“ಓ, ಅದಾ?” ಅಷ್ಟು ದುಃಖದಲ್ಲೂ ಭಾಗಮ್ಮನ ಮುಖದಲ್ಲಿ ಸಣ್ಣ ನಗು ಹಾದುಹೋಯಿತು. “ಅದು ಚೀಲ ನೇತಾಕದಲ್ವಾ? ಯಾವ ಬೈಕ್ ಹತ್ತಿದ್ರೂ ಮೊದ್ಲು ಎಲೆಅಡಿಕೆ ಚೀಲ ಅದಕ್ಕೆ ಸಿಗ್ಸದು, ಆಮೇಲೆ ಕಿಕ್ ಹೊಡೆಯದು. ಅದನ್ನ ಹಿಡಿದ್ರೆ ಗಾಡಿ ಮಗುಚ್ತದೆ ಅಂತ ಮುಟ್ಟಕೂ ಬಿಡ್ತಿರ್ಲಿಲ್ಲ. ಧರ್ಮ ಎಷ್ಟೋ ಸಲ ಹೇಳಿ ನೋಡ್ದ, ‘ಮಾವಾ, ಗಾಡಿ ನಿಲ್ಸದೇ ಅದು’ ಅಂತ. ಕೇಳ್ಬೇಕಲ್ಲ.”

ಈ ಬೆಟ್ಟಸಾಲಿನ ಹಳಬರೆಲ್ಲ ಹೀಗೇ. ಲೈಸೆನ್ಸ್ ಟೆಸ್ಟಿಗೆ ಬಂದವರಿಗೆ ಮುಂದಿನ ಬ್ರೇಕ್ ಹಿಡಿಯಿರಿ ಎಂದು ಕೂಗಿ ಕೂಗಿ ಪ್ರೇಮಲತಾಳ ಗಂಟಲು ಒಣಗಿತ್ತು. ಎಷ್ಟೋ ಹಳೆಯ ಬೈಕುಗಳಲ್ಲಿ ಮುಂದಿನ ಬ್ರೇಕಿನ ಕೇಬಲ್ಲು ತುಕ್ಕು ಹಿಡಿದು ಅಂಟಿಹೋಗಿದ್ದರೂ ಮಾಲೀಕನಿಗೆ ಗೊತ್ತೇ ಇರುತ್ತಿರಲಿಲ್ಲ. ಆದರೆ ಬ್ರೇಕಿಗೆ ಚೀಲ ನೇತುಹಾಕುವವನ ಕಥೆ ಅವಳು ಕೇಳಿದ್ದು ಇದೇ ಮೊದಲು.

“ಮೊನ್ನೆ ಈ ಚೀಲ ಎಲ್ಲಿ ಸಿಕ್ತು?”

“ಅವ್ರ ಕುತ್ತಿಗೇಲಿ. ಸ್ವೆಟರ್ ಒಳಗೆ ಹಾಕ್ಕೊಂಡಿದ್ರು. ಆಸ್ಪತ್ರೇಲಿ ದಾರ ಕತ್ತರ್ಸಿ ತೆಗ್ದು ನನ್ನ ಕೈಲೇ ಕೊಟ್ರು.” ಭಾಗಮ್ಮ ತುಂಡಾದ ದಾರವನ್ನು ಎತ್ತಿ ತೋರಿಸಿದಳು. “ಹಿಂದೆ ಕೂತಾಗ ಮಾತ್ರ ಹಂಗೆ ಹಾಕ್ಕಳದು. ಗಾಳಿಗೆ ಹಾರ್ತದೆ ಅಂತ.”

ಹೇಳಿ ಮುಗಿಸಿದ ಮೇಲೆ ಅವಳಿಗೇ ಏನೋ ಹೊಳೆದಂತಾಗಿ ಪ್ರೇಮಲತಾಳ ಮುಖ ನೋಡಿದಳು. ಬಾಗಿಲಲ್ಲಿ ನಿಂತಿದ್ದ ನಾಗೇಶನ ಹುಬ್ಬು ಮೇಲೇರಿತು.

“ಜೀಪ್ ತೆಗೀರಿ,” ಎಂದಳು ಪ್ರೇಮಲತಾ. “ಭಾಗಮ್ಮ, ನೀವೂ ಹತ್ತಿ. ನಿಮ್ಮ ಲೈನ್ ಮನೆ ದಾರೀಲೇ ತಾನೆ ಎಸ್ಟೇಟ್ ಬಂಗ್ಲೆ ಇರೋದು?”

ಸಂಪಿಗೆಕಾನು ಎಸ್ಟೇಟಿನ ಗೇಟು ದಾಟುವ ಮೊದಲೇ ನಾತ ಮೂಗಿಗೆ ಹೊಡೆಯಿತು. ಹಣ್ಣು ಕಾಫಿಯ ಸಿಪ್ಪೆ ಸುಲಿಯುವ ಪಲ್ಪರ್ ಬೆಳಗಿನಿಂದ ಓಡುತ್ತಿತ್ತು. ಕೊಳೆತ ಸಿಪ್ಪೆಯ ಗುಡ್ಡೆ, ಅದರ ಮೇಲೆ ನೊಣದ ಮೋಡ, ಅಡಿಯಿಂದ ಹೊರಟ ಕಂದು ನೀರು ಕೂಲಿಯಾಳುಗಳ ಲೈನ್ ಮನೆಗಳ ಕೆಳಗಿನ ಹಳ್ಳಕ್ಕೆ ಇಳಿಯುತ್ತಿತ್ತು. ಭಾಗಮ್ಮನಂಥವರು ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು ಅದೇ ಹಳ್ಳದಲ್ಲಿ. ಬಂಗ್ಲೆ ಮಾತ್ರ ಗಾಳಿ ಬರುವ ದಿಕ್ಕಿಗೆ ಎತ್ತರದಲ್ಲಿತ್ತು. ಕಟ್ಟಿಸಿದವರಿಗೆ ಮೂಗಿನ ಬಗ್ಗೆ ಕಾಳಜಿ ಇದ್ದದ್ದು ಸ್ಪಷ್ಟವಾಗಿತ್ತು.

ಮೇಸ್ತ್ರಿ ಸತ್ತು ಇನ್ನೂ ತಿಥಿ ಕರ್ಮ ಮುಗಿದಿರಲಿಲ್ಲ. ಪಲ್ಪರ್ ಒಂದು ದಿನವೂ ನಿಂತಿರಲಿಲ್ಲ.

ಭಾಗಮ್ಮನನ್ನು ಜೀಪಿನಲ್ಲೇ ಬಿಟ್ಟು ಇಬ್ಬರೂ ಮೆಟ್ಟಿಲು ಹತ್ತಿದರು.

“ಬನ್ನಿ ಮೇಡಂ, ಬನ್ನಿ. ಕಾಫಿ ತಗೊಳಿ. ನಮ್ ತೋಟದ್ದೇ,” ಎಂದು ಸಾಹುಕಾರ್ ಶಾಂತವೀರಪ್ಪ ವರಾಂಡದಲ್ಲಿ ಎದ್ದುನಿಂತು ಸ್ವಾಗತಿಸಿದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಮೃದುವಾದ ದನಿ. ಪಕ್ಕದ ಕುರ್ಚಿಯಲ್ಲಿ ಮಗ ರಾಜೀವ್ ಮೊಬೈಲ್ ನೋಡುತ್ತಿದ್ದ. ಉರಿಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ಗುಂಡಿ ಮಣಿಕಟ್ಟಿನ ತನಕ ಹಾಕಿದ್ದ.

ಕಾಫಿ ಬಂತು. ಪ್ರೇಮಲತಾ ಲೋಟವನ್ನು ಮುಟ್ಟಲಿಲ್ಲ.

“ಭೂತಯ್ಯ ನಮ್ಮ ಮನೇವ್ನೇ ಆಗಿದ್ದ ಮೇಡಂ,” ಶಾಂತವೀರಪ್ಪ ನಿಟ್ಟುಸಿರು ಬಿಟ್ಟರು. “ನಮ್ ತಂದೆ ಕಾಲದಿಂದ ಇದ್ದವ. ಈ ರಾಜೀವನ್ನ ಹೆಗಲ ಮೇಲೆ ಹೊತ್ಕೊಂಡು ತೋಟ ಸುತ್ತಿಸ್ತಿದ್ದ. ಪಲ್ಪರ್ ಬೆಲ್ಟ್ ತುಂಡಾಯ್ತು ಅಂತ ಹೇಳ್ದೆ ಕೇಳ್ದೆ ಬೈಕ್ ತಗೊಂಡ್ ಹೋಗಿದ್ದಾನೆ. ನಮ್ಗೆ ಗೊತ್ತಾಗಿದ್ದೇ ಹಾಲಿನ ವ್ಯಾನಿನವ ಫೋನ್ ಮಾಡಿದ್ಮೇಲೆ.”

“ರಾಜೀವ್ ಎಲ್ಲಿದ್ರು?”

“ಮಲಗಿದ್ದ. ಜ್ವರ ಅವ್ನಿಗೆ. ಮೂರು ದಿನ ಆಯ್ತು, ರೂಮು ಬಿಟ್ಟು ಇವತ್ತೇ ಹೊರಗೆ ಬಂದಿರೋದು. ಮಣ್ಣಿಗೂ ಬರೋಕಾಗ್ಲಿಲ್ಲ ಪಾಪ.”

“ಅಷ್ಟು ವರ್ಷ ನಿಮ್ಮ ಜೊತೆಗಿದ್ದವ್ರು,” ಪ್ರೇಮಲತಾ ಸಾವಕಾಶವಾಗಿ ಕೇಳಿದಳು. “ಭೂತಯ್ಯ ಬೈಕ್ ಓಡಿಸೋವಾಗ ಎಲೆಅಡಿಕೆ ಚೀಲ ಎಲ್ಲಿ ಇಟ್ಕೋತಿದ್ರು?”

ಶಾಂತವೀರಪ್ಪ ಕಣ್ಣು ಪಿಳುಕಿಸಿದರು. ತೋಟದ ಪ್ರತಿ ಗಿಡದ ಕಸಿ ಗೊತ್ತಿದ್ದ ಮನುಷ್ಯನಿಗೆ ಇದು ಗೊತ್ತಿರಲಿಲ್ಲ. “ಹಿಂದೆ ಕ್ಯಾರಿಯರ್‌ಗೆ ಕಟ್ತಿದ್ನೇನೋ. ಯಾಕೆ ಮೇಡಂ?”

“ರಾಜೀವ್, ನಿಮ್ಗೆ ಗೊತ್ತಾ?”

ರಾಜೀವ್ ಮೊಬೈಲಿನಿಂದ ತಲೆ ಎತ್ತದೆ ಹೇಳಿದ, “ಕುತ್ತಿಗೇಲಿ. ಸ್ವೆಟರ್ ಒಳಗೆ.”

ನಾಗೇಶ ಕಾಫಿ ಲೋಟ ಕೆಳಗಿಟ್ಟ.

“ಬೈಕ್ ಓಡಿಸೋವಾಗ ಅವ್ರು ಚೀಲನ ಮುಂದಿನ ಬ್ರೇಕಿನ ಲಿವರಿಗೆ ನೇತಾಕ್ತಿದ್ರು,” ಎಂದಳು ಪ್ರೇಮಲತಾ. “ಆ ಬ್ರೇಕನ್ನ ಅವ್ರು ಹುಟ್ಟಿದ್ಮೇಲೆ ಒಂದ್ಸಲಾನೂ ಹಿಡಿದವ್ರಲ್ಲ. ಕುತ್ತಿಗೆಗೆ ಹಾಕ್ಕೊಳ್ತಿದ್ದದ್ದು ಹಿಂದಿನ ಸೀಟಲ್ಲಿ ಕೂತಾಗ ಮಾತ್ರ. ಮೊನ್ನೆ ಅದು ಸ್ವೆಟರ್ ಒಳಗಿತ್ತು ಅಂತ ಗೊತ್ತಿರೋದು ಆಸ್ಪತ್ರೆಯವ್ರಿಗೆ, ಅವ್ರ ಹೆಂಡ್ತಿಗೆ. ರೂಮಲ್ಲಿ ಜ್ವರ ಬಂದು ಮಲಗಿದ್ದ ನಿಮ್ಗೆ ಯಾರು ಹೇಳಿದ್ರು?”

ರಾಜೀವ್ ಮೊಬೈಲನ್ನು ಜೇಬಿಗೆ ಹಾಕಿ ಎದ್ದುನಿಂತ.

“ರಾಜೀವಾ, ಒಳಗ್ಹೋಗು,” ಶಾಂತವೀರಪ್ಪನವರ ದನಿ ಆಗಲೂ ಮೃದುವಾಗಿಯೇ ಇತ್ತು.

“ಕೂತ್ಕೋ,” ಎಂದಳು ಪ್ರೇಮಲತಾ. ಬಹುವಚನ ಅವಳ ಬಾಯಿಂದ ತಾನಾಗಿಯೇ ಬಿದ್ದುಹೋಗಿತ್ತು. “ಅಂಗಿ ತೋಳು ಮೇಲೆತ್ತು.”

ಅವನು ಎತ್ತಲಿಲ್ಲ. ನಾಗೇಶ ಹೋಗಿ ಎತ್ತಿದ. ಬಲಮೊಣಕೈಯಿಂದ ಮಣಿಕಟ್ಟಿನ ತನಕ ಚರ್ಮ ತರಚಿಹೋಗಿತ್ತು. ಡಾಕ್ಟರಿಗೂ ತೋರಿಸದೆ ಮುಚ್ಚಿಟ್ಟ ಗಾಯ ಕೀವು ತುಂಬಿ ಅಂಗಿಯ ಬಟ್ಟೆಗೆ ಅಂಟಿಕೊಂಡಿತ್ತು. ಬಿಡಿಸುವಾಗ ಬಂದ ವಾಸನೆಗೆ ನಾಗೇಶ ಮುಖ ಆಚೆ ತಿರುಗಿಸಿದ.

“ನಾನು ಬೇಕಂತ ಮಾಡಿದ್ದಲ್ಲ,” ರಾಜೀವ್ ಅಳತೊಡಗಿದ. “ಬೆಲ್ಟ್ ತರೋಕೆ ನಾನೇ ಹೊರಟಿದ್ದು. ಬಾ ಭೂತಯ್ಯ, ಕೂತ್ಕೋ ಅಂದೆ. ತಿರುವಲ್ಲಿ ದನ ಅಡ್ಡ ಬಂತು. ಹೊಸ ಡಿಸ್ಕಲ್ವಾ, ಪೂರ್ತಿ ಹಿಡಿದೆ. ಮುಂದಿನ ಚಕ್ರ ಜಾರ್ತು. ಅವ್ನು ಹಾರಿ ಹೋಗಿ ಚರಂಡಿ ಕಲ್ಲಿಗೆ ಬಿದ್ದ.”

“ಆಮೇಲೆ?”

“ಅಪ್ಪಾಜಿಗೆ ಫೋನ್ ಮಾಡಿದೆ.”

“ಆಂಬುಲೆನ್ಸಿಗಲ್ಲ.”

“ಹೋದ ವರ್ಷದ ಕೇಸಲ್ಲಿ ನನ್ನ ಲೈಸೆನ್ಸ್ ಸಸ್ಪೆಂಡ್ ಆಗಿದೆ. ಇನ್ನೊಂದು ಆದ್ರೆ ಜೈಲೇ ಅಂದ್ರು ಅಪ್ಪಾಜಿ. ತೋಟದೊಳಗಿನ ಕಾಲುದಾರೀಲಿ ಮನೆಗೆ ಬಾ ಅಂದ್ರು. ಯಾರಾದ್ರೂ ನೋಡ್ತಾರೆ, ಎತ್ಕೊಂಡು ಹೋಗ್ತಾರೆ ಅಂದ್ರು.”

“ನೀನು ಬರೋವಾಗ ಭೂತಯ್ಯನಿಗೆ ಉಸಿರಿತ್ತಾ?”

ರಾಜೀವ್ ತಂದೆಯ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲ.

“ಇತ್ತು,” ಎಂದ. “ನೀರು ಕೇಳ್ದ.”

ಹೆಗಲ ಮೇಲೆ ಹೊತ್ತು ತೋಟ ಸುತ್ತಿಸಿದವನು ನೀರು ಕೇಳುತ್ತಿದ್ದಾಗ ಇವನು ಕಾಲುದಾರಿ ಹಿಡಿದು ಮನೆಗೆ ಬಂದ, ಇನ್ನೊಬ್ಬ ಇಲ್ಲಿ ಕೂತು ಕಾಫಿ ಕುಡಿದ. ಮೇಜಿನ ಮೇಲಿನ ಲೋಟದ ನೊರೆ ನೋಡಲಾಗದೆ ಪ್ರೇಮಲತಾ ಅದನ್ನು ದೂರ ಸರಿಸಿದಳು.

“ಅವ್ನು ಹೇಗೂ ಉಳೀತಿರ್ಲಿಲ್ಲ ಮೇಡಂ,” ಶಾಂತವೀರಪ್ಪ ಹೇಳಿದರು. ಅಡಿಕೆ ಧಾರಣೆ ಹೇಳುವಷ್ಟೇ ಸಲೀಸು. “ತಲೆಗೆ ಪೆಟ್ಟು. ಹೋಗೋನು ಹೋದ. ಇರೋನ ಜೀವನ ಯಾಕೆ ಹಾಳಾಗ್ಬೇಕು? ನೀವೂ ಸಂಸಾರಸ್ಥರು, ಅರ್ಥ ಆಗ್ತದೆ ನಿಮ್ಗೆ.”

“ಹೋದವ್ರ ಅಳಿಯನ ಜೀವನ?”

“ಅದು ನಾವು ಹೇಳಿದ್ದಲ್ಲ. ಬ್ರೇಕ್ ಫೇಲ್ ಅಂದಿದ್ದು ಪೊಲೀಸ್ರು. ನಾವು ಅಲ್ಲ ಅನ್ಲಿಲ್ಲ, ಅಷ್ಟೆ.”

ನಾಗೇಶನ ಮುಖ ಕೆಂಪಾಯಿತು. “ಏಳಿ, ಜೀಪ್ ಹತ್ತಿ,” ಎಂದು ರಾಜೀವನ ಭುಜ ಹಿಡಿದ. “ಸಾವ್ಕಾರ್ರೇ, ನೀವೂ ಬರ್ಬೇಕಾಗ್ತದೆ.”

“ಒಂದ್ನಿಮಿಷ.” ಪ್ರೇಮಲತಾ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ರಾಜೀವನ ಮುಂದೆ ಹಿಡಿದಳು. “ನಿಪ್ಪಲ್ ಯಾರು ಬಿಚ್ಚಿದ್ದು, ನೀನಾ, ನಿಮ್ಮಪ್ಪನಾ?”

“ಯಾವ ನಿಪ್ಪಲ್?”

“ಬ್ರೇಕ್ ಆಯಿಲ್ ಖಾಲಿ ಮಾಡಿದ್ದು. ಇದು ಎಂತ ಗೊತ್ತಾ?”

ರಾಜೀವ್ ಕಣ್ಣೊರೆಸಿಕೊಂಡು ಆ ಪುಟ್ಟ ರಬ್ಬರ್ ಟೊಪ್ಪಿಯನ್ನು ದಿಟ್ಟಿಸಿದ. “ಪೆನ್ನಿಂದಾ?” ಎಂದು ಕೇಳಿದ.

ಅದು ನಾಟಕವಾಗಿರಲಿಲ್ಲ. ಹೊಸ ಡಿಸ್ಕು, ಬೆಂಗಳೂರಿನಿಂದ ತರಿಸಿದ ಸ್ಟೀಲ್ ಹೆಣಿಗೆಯ ಪೈಪು, ಎಲ್ಲ ಹಾಕಿಸಿಕೊಂಡು ಮೆರೆದವನಿಗೆ ಅದರಲ್ಲಿ ಯಾವುದು ಎಲ್ಲಿರುತ್ತದೆ ಎಂಬ ಅರಿವೇ ಇರಲಿಲ್ಲ. “ನಾನು ಬೈಕ್ ಮುಟ್ಲೇ ಇಲ್ಲ ಮೇಡಂ. ಬಿದ್ದಲ್ಲೇ ಬಿಟ್ಟು ಬಂದೆ. ದೇವ್ರಾಣೆ.”

ಶಾಂತವೀರಪ್ಪನವರ ಕಡೆ ತಿರುಗಿದಳು. ಅವರು ಶಲ್ಯ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ತುಟಿಯ ಮೇಲೆ ಸಣ್ಣದೊಂದು ನಗು.

“ನನ್ನ ವಯಸ್ಸಿಗೆ ಬಗ್ಗಿ ಬೈಕ್ ಬಿಚ್ಚೋಕಾಗ್ತದಾ ಮೇಡಂ?” ಎಂದರು. “ಬಿಚ್ಚೋಕೆ ಬರೋರನ್ನ ಕೇಳಿ.”

ಅವಳು ಮೆಟ್ಟಿಲಿಳಿದಳು. ಕವರು ಅಂಗೈಯಲ್ಲೇ ಇತ್ತು. ಕದ್ದು ಕೆಡಿಸಲು ಬಂದವನು ಟೊಪ್ಪಿ ಕಿತ್ತು ಎಸೆದು ಹೋಗುತ್ತಾನೆ. ಅವಳು ನೋಡಿದ ಮೆಕ್ಯಾನಿಕ್‌ಗಳಲ್ಲೇ ಎಷ್ಟೋ ಮಂದಿ ಅದನ್ನು ವಾಪಸ್ ಹಾಕುವುದಿಲ್ಲ. ಕೆಡಿಸಿದ ಮೇಲೂ, ಗೊತ್ತಿಲ್ಲದೆಯೇ, ಟೊಪ್ಪಿ ಒರೆಸಿ ನಿಪ್ಪಲಿನ ತಲೆಗೆ ಒತ್ತಿ ಕೂರಿಸುವ ಕೈ ಒಂದೇ ತರಹದ್ದು. ಕಲಿತ ಕೆಲಸವನ್ನು ಶ್ರದ್ಧೆಯಿಂದ ಮಾಡಿ ಮಾಡಿ ರೂಢಿಯಾದ ಕೈ.

ಅಲ್ಲ, ಹಾಗಿರಲಾರದು ಎಂದುಕೊಂಡಳು. ಬೆಳಗ್ಗೆ ಲಾಕಪ್ಪಿನಲ್ಲಿ ಗೋಡೆ ನೋಡುತ್ತ ಕೂತವನ ಬೆನ್ನು ನೆನಪಾಯಿತು. ತಪ್ಪು ನಂದೇ ಮೇಡಂ, ಬರ್ಕೊಳಿ. ಅದನ್ನು ಹೆದರಿಕೆ ಎಂದು ತಿಳಿದು ಅವನಿಗಾಗಿ ಮರುಗಿದವಳು ತಾನೇ. ಬ್ರೇಕ್ ಫೇಲ್ ಎಂದಾದರೆ ಓಡಿಸಿದ್ದು ಯಾರೆಂದು ಯಾರೂ ಕೇಳುವುದಿಲ್ಲ; ಮಗನ ಫೋನ್ ಬಂದ ಮೇಲೆ ಸಾಹುಕಾರರು ವಸ್ತಾರೆಗೂ ಒಂದು ಫೋನ್ ಮಾಡಿರಬೇಕು.

ಜೀಪಿನ ಹಿಂದಿನ ಸೀಟಿನಲ್ಲಿ ಭಾಗಮ್ಮ ಮೂಗಿಗೆ ಸೆರಗು ಹಿಡಿದು ಕೂತಿದ್ದಳು. ರಾಜೀವನನ್ನು ಕೈಹಿಡಿದು ಕರೆತರುವುದನ್ನು ನೋಡಿ ಅವಳಿಗೆ ಎಲ್ಲ ತಿಳಿದಿತ್ತು. ಕಣ್ಣು ತುಂಬಿತ್ತು. ಶಾಪ ಹಾಕುತ್ತಾಳೆಂದು ಪ್ರೇಮಲತಾ ನಿರೀಕ್ಷಿಸಿದ್ದಳು. ಭಾಗಮ್ಮ ಮುಂದಿನ ಸೀಟಿಗೆ ಹತ್ತುತ್ತಿದ್ದ ತಂದೆ ಮಗನ ಕಡೆ ನೋಡಲೂ ಇಲ್ಲ.

“ಹಂಗಾರೆ ನಮ್ ಧರ್ಮಂದು ತಪ್ಪಿಲ್ಲ ಅಂತ ಆಯ್ತಲ್ಲಮ್ಮ?”

ಪ್ರೇಮಲತಾ ಪಕ್ಕದಲ್ಲಿ ಕೂತಳು. ಕೇಳದೇ ಇದ್ದುಬಿಡೋಣ ಎಂದು ಒಂದು ಕ್ಷಣ ಅನಿಸಿತು. ಕೇಳಿದಳು.

“ಭಾಗಮ್ಮ, ಮೊನ್ನೆ ಸುದ್ದಿ ನಿಮ್ಗೆ ಯಾರು ತಂದಿದ್ದು? ಹಾಲಿನ ವ್ಯಾನಿನವ್ರಾ?”

“ಅಯ್ಯೋ, ಅವ್ರೆಲ್ಲಿ! ವ್ಯಾನ್ ಬಂದಿದ್ದು ಎಷ್ಟೋ ಹೊತ್ತಾದ್ಮೇಲೆ. ಅಷ್ಟರೊಳಗೆ ನಮ್ ಧರ್ಮನೇ ಓಡ್ಕೊಂಡು ಬಂದಿದ್ದ.” ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು. “ಪಾಪ, ಏದುಸಿರು ಬಿಡ್ತಿದ್ದ. ಎರಡು ಕೈಯೂ ಜಿಡ್ಡೋ ಜಿಡ್ಡು. ನಾನೇ ಬೂದಿ ಹಾಕಿ ತಿಕ್ಕಿ ತೊಳೆದೆ. ಎಂತಾ ಎಣ್ಣೆನೋ, ಹಳಸಿದ ಮೀನಿನ ನಾತ, ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ.”

ಪ್ರೇಮಲತಾ ತನ್ನ ಬೆರಳನ್ನು ಖಾಕಿ ಪ್ಯಾಂಟಿಗೆ ಒರೆಸಿದಳು. ಬೆಳಗಿನ ವಾಸನೆ ಇನ್ನೂ ಅಲ್ಲೇ ಇತ್ತು.

“ಏನಂದ ಬಂದು?”

“ಏನೂ ಹೇಳಕಾಗ್ಲಿಲ್ಲ ಅವ್ನ ಕೈಲಿ. ನನ್ನ ಮಡಿಲಲ್ಲಿ ತಲೆ ಇಟ್ಟು ಒಂದೇ ಸಮ ಅಳು. ‘ಮಾವ ನೀರು ಕೇಳಿದ್ರು ಅತ್ತೆ, ಮಾವ ನೀರು ಕೇಳಿದ್ರು’ ಅಂತ.”

ಮುಂದಿನ ಸೀಟಿನಲ್ಲಿ ಕೀ ತಿರುಗಿಸುತ್ತಿದ್ದ ನಾಗೇಶನ ಕೈ ಅಲ್ಲೇ ನಿಂತಿತು.

ಭಾಗಮ್ಮ ಟಿಫಿನ್ ಕ್ಯಾರಿಯರನ್ನು ಮಡಿಲಿಗೆ ಎಳೆದುಕೊಂಡು, ಅನ್ನ ಬಿಸಿಯಿದೆಯೋ ಎಂದು ಹೊರಗಿನಿಂದ ಮುಟ್ಟಿ ನೋಡಿದಳು.

“ಇವತ್ತೇ ಬಿಡ್ತಾರಲ್ಲಮ್ಮ ಅವ್ನನ್ನ?” ಎಂದು ಕೇಳಿದಳು.